ಬಾಸ್ಟನ್ನಿನ ಹಣ, ಪುಣೆಯ ಸಲಹೆ: ಶಾರದಾ ಸದನದ ಯಜಮಾನರು ಯಾರು?

1893ರ ಆಗಸ್ಟ್ ತಿಂಗಳಲ್ಲಿ ಪುಣೆಯಿಂದ ಅಮೆರಿಕದ ಬಾಸ್ಟನ್ ನಗರಕ್ಕೆ ಒಂದು ಪತ್ರ ಹೋಯಿತು. ಕಳಿಸಿದವರಲ್ಲಿ ಮಹಾದೇವ ಗೋವಿಂದ ರಾನಡೆ ಇದ್ದರು, ರಾಮಕೃಷ್ಣ ಗೋಪಾಲ ಭಂಡಾರ್ಕರ್ ಇದ್ದರು. ರಾನಡೆ ನ್ಯಾಯಾಧೀಶರು, ಪಶ್ಚಿಮ ಭಾರತದ ಸಮಾಜ ಸುಧಾರಣೆಯ ಮುಂದಾಳು. ಭಂಡಾರ್ಕರ್ ಸಂಸ್ಕೃತದ ಮಹಾ ವಿದ್ವಾಂಸರು. ಬರಿಯ ಮಾತಿನ ಸುಧಾರಕರಲ್ಲ, 1891ರಲ್ಲಿ ವಿಧವೆಯಾಗಿದ್ದ ತಮ್ಮ ಮಗಳಿಗೇ ಮರುಮದುವೆ ಮಾಡಿಸಿದವರು. ಇಂಥವರು ವಿಧವೆಯರ ಶಾಲೆಯೊಂದರ ಕೈಬಿಡುತ್ತಿದ್ದೇವೆ ಎಂದು ಬರೆದಿದ್ದರು. ಶಾಲೆಯ ಹೆಸರು ಶಾರದಾ ಸದನ. ಅದನ್ನು ನಡೆಸುತ್ತಿದ್ದವರು ಪಂಡಿತಾ ರಮಾಬಾಯಿ.

ಪುಣೆಯ ಶಾಲೆಯ ಬಗ್ಗೆ ಬಾಸ್ಟನ್ನಿಗೆ ಏಕೆ ಬರೆಯಬೇಕಿತ್ತು? ಶಾಲೆಯ ಖರ್ಚಿನ ಹಣ ಬರುತ್ತಿದ್ದುದು ಅಲ್ಲಿಂದ. ಮೇಲಾಡಳಿತದ ಟ್ರಸ್ಟಿಗಳು ಇದ್ದುದೂ ಅಲ್ಲೇ. ಹಣ ಒಂದು ದೇಶದಲ್ಲಿ, ಊರಿನ ಮರ್ಯಾದೆ ಕಾಯುವ ಸಲಹೆಗಾರರು ಇನ್ನೊಂದು ದೇಶದಲ್ಲಿ, ನಡುವೆ ಇಬ್ಬರಿಗೂ ಉತ್ತರ ಹೇಳಬೇಕಾದ ಒಬ್ಬ ಹೆಂಗಸು. ಮಹಿಳೆಯರಿಗಾಗಿ ಕಟ್ಟಿದ ದತ್ತಿ ಸಂಸ್ಥೆಯೊಂದನ್ನು ಯಾರು ಆಳಬೇಕು ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಇಷ್ಟು ಬಹಿರಂಗವಾಗಿ ಎದ್ದದ್ದು ಬಹುಶಃ ಅದೇ ಮೊದಲು.

ಗಂಗಾಮೂಲದ ಮಗಳು

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಕಾಡು ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ಆಕ್ಷೇಪ ಎದುರಿಸಿ ಕಾಡಿನಲ್ಲಿ ಆಶ್ರಮ ಕಟ್ಟಿದ್ದವರು. ರಮಾಬಾಯಿ ಇನ್ನೂ ಎಳೆಗೂಸಾಗಿದ್ದಾಗಲೇ ಆ ಆಶ್ರಮ ಬಿಟ್ಟ ಕುಟುಂಬ ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತ ಅಲೆಯಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ಉಳಿದ ಅಣ್ಣ ತಂಗಿ ನಡೆದುಕೊಂಡೇ 1878ರಲ್ಲಿ ಕಲ್ಕತ್ತೆ ಸೇರಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತರ ಹುಡುಗಿಗೆ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಅಣ್ಣನೂ ತೀರಿಕೊಂಡ ಮೇಲೆ, 1880ರಲ್ಲಿ, ಬೇರೆ ಜಾತಿಯ ಬಂಗಾಳಿ ವಕೀಲರೊಬ್ಬರನ್ನು ಮದುವೆಯಾದರು. ಎರಡು ವರ್ಷ ತುಂಬುವ ಮೊದಲೇ ಪತಿ ಕಾಲರಾಕ್ಕೆ ಬಲಿಯಾದರು. ಕೈಯಲ್ಲಿ ಮನೋರಮಾ ಎಂಬ ಹಸುಗೂಸು.

ಪುಣೆಗೆ ಬಂದ ರಮಾಬಾಯಿಯವರನ್ನು ಸ್ವಾಗತಿಸಿದವರಲ್ಲಿ ರಾನಡೆ ದಂಪತಿಯೂ ಇದ್ದರು. (ರಾನಡೆಯವರ ಪತ್ನಿಯ ಹೆಸರೂ ರಮಾಬಾಯಿ, ಇಬ್ಬರನ್ನೂ ಒಬ್ಬರೇ ಎಂದುಕೊಳ್ಳುವ ಪ್ರಮಾದ ಇಂದಿಗೂ ನಡೆಯುತ್ತದೆ.) 1882ರಲ್ಲಿ ಆರ್ಯ ಮಹಿಳಾ ಸಮಾಜ ಹುಟ್ಟಿತು. ಮರುವರ್ಷ ಇಂಗ್ಲೆಂಡಿಗೆ ಹೋದ ರಮಾಬಾಯಿ 1883ರ ಸೆಪ್ಟೆಂಬರಿನಲ್ಲಿ ಕ್ರೈಸ್ತ ಮತಕ್ಕೆ ಸೇರಿದರು. ಪುಣೆ ಕೆಂಡವಾಯಿತು. ಸುಧಾರಕರಿಗೂ ಅದು ನುಂಗಲಾರದ ತುತ್ತಾಯಿತು.

ಒಂದು ಡಾಲರಿನ ಸಂಘ

1886ರ ಮಾರ್ಚ್ 11ರಂದು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಆನಂದಿಬಾಯಿ ಜೋಶಿ ಡಾಕ್ಟರ್ ಪದವಿ ಪಡೆದರು. ಆ ಸಮಾರಂಭಕ್ಕೆಂದು ಹೋದ ರಮಾಬಾಯಿ ಅಮೆರಿಕದಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಉಳಿದರು. ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಗತಿಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, ಊರೂರು ತಿರುಗಿ ಭಾಷಣ ಮಾಡಿದರು. ಕೇಳಿದ್ದು ಒಂದೇ: ಹತ್ತು ವರ್ಷ ಕಾಲ ಒಂದು ಶಾಲೆ ನಡೆಸಲು ನೆರವು.

1887ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ 'ರಮಾಬಾಯಿ ಅಸೋಸಿಯೇಷನ್' ರೂಪುಗೊಂಡಿತು. ಅದರ ಕೆಲಸದ ರೀತಿ ಸರಳ. ಊರೂರಲ್ಲಿ 'ರಮಾಬಾಯಿ ಸರ್ಕಲ್' ಎಂಬ ಚಿಕ್ಕ ಚಿಕ್ಕ ಗುಂಪುಗಳು. ಸದಸ್ಯರು ವರ್ಷಕ್ಕೆ ಒಂದು ಡಾಲರಿನಂತೆ ಹತ್ತು ವರ್ಷ ವಂತಿಗೆ ಕೊಡುವುದಾಗಿ ಮಾತು ಕೊಡಬೇಕು. ಒಬ್ಬ ಸಿರಿವಂತನ ಕೃಪೆಯ ಮೇಲೆ ನಿಲ್ಲದೆ ನೂರಾರು ಗೃಹಿಣಿಯರ ಡಾಲರಿನ ಮೇಲೆ ನಿಂತ ಸಂಸ್ಥೆ.

ಪದಾಧಿಕಾರಿಗಳ ಪಟ್ಟಿಯನ್ನು ನೋಡಬೇಕು. ಅಧ್ಯಕ್ಷರು ಎಡ್ವರ್ಡ್ ಎವರೆಟ್ ಹೇಲ್, ಹೆಸರಾಂತ ಲೇಖಕರು ಮತ್ತು ಯೂನಿಟೇರಿಯನ್ ಪಂಥದ ಪಾದ್ರಿ. ಉಪಾಧ್ಯಕ್ಷರಲ್ಲಿ ಫಿಲಿಪ್ಸ್ ಬ್ರೂಕ್ಸ್ ಎಪಿಸ್ಕೋಪಲ್ ಚರ್ಚಿನವರು, ಲೈಮನ್ ಅಬಟ್ ಕಾಂಗ್ರೆಗೇಷನಲ್ ಪಂಥದವರು, ಪಾನನಿಷೇಧ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ ಮೆಥಡಿಸ್ಟರು. ಜೊತೆಗೆ ಬಾಸ್ಟನ್ನಿನ ದಾನಿ ಮೇರಿ ಹೆಮೆನ್‌ವೇ. ದಿನನಿತ್ಯದ ವ್ಯವಹಾರ ನೋಡುತ್ತಿದ್ದ ಕಾರ್ಯಕಾರಿ ಸಮಿತಿಯ ಮುಖ್ಯಸ್ಥೆ ಜುಡಿತ್ ಆಂಡ್ರೂಸ್. ದೊಡ್ಡ ಹೆಸರಿನ ಪಾದ್ರಿಗಳು ಮೇಲೆ, ಪತ್ರ ಬರೆದು ವಂತಿಗೆಯ ಲೆಕ್ಕ ಇಡುವ ಹೆಂಗಸರು ಕೆಳಗೆ. ಕೆಲಸ ನಡೆದದ್ದು ಕೆಳಗಿನವರಿಂದ ಎಂದು ಬೇರೆ ಹೇಳಬೇಕಿಲ್ಲ.

ಇಷ್ಟೊಂದು ಪಂಥಗಳವರು ಒಂದೇ ಮೇಜಿನ ಸುತ್ತ ಕೂರಬೇಕಾದರೆ ಶಾಲೆ ಯಾವ ಪಂಥಕ್ಕೂ ಸೇರಿರಬಾರದು. ರಮಾಬಾಯಿಯವರಿಗೂ ಬೇಕಾಗಿದ್ದುದು ಅದೇ. ಮತಾಂತರದ ಶಾಲೆ ಎಂದು ಹೆಸರು ಬಂದರೆ ಬ್ರಾಹ್ಮಣ ಮನೆಗಳ ವಿಧವೆಯರು ಹೊಸಿಲು ದಾಟಿ ಬರುತ್ತಿರಲಿಲ್ಲ. ಹಾಗಾಗಿ ಶಾಲೆಯಲ್ಲಿ ಮತಬೋಧನೆ ಇರಕೂಡದು, ಹುಡುಗಿಯರು ತಮ್ಮ ಜಾತಿಯ ಕಟ್ಟಳೆ, ಮಡಿ, ವ್ರತ ಬಿಡಬೇಕಾಗಿಲ್ಲ ಎಂದು ಗೊತ್ತುಪಡಿಸಲಾಯಿತು. ಇತ್ತ ಭಾರತದಲ್ಲಿ ಜನರ ವಿಶ್ವಾಸ ಗಳಿಸಲು ಹಿಂದೂ ಗಣ್ಯರ ಸಲಹಾ ಮಂಡಳಿ ಆಯಿತು. ರಾನಡೆ, ಭಂಡಾರ್ಕರ್, ಮುಂಬಯಿಯ ಕಾಶೀನಾಥ ತ್ರ್ಯಂಬಕ ತೆಲಂಗ್ ಅದರಲ್ಲಿದ್ದರು. ಸದನದ ವಾಸಿಗಳು ಹೆಂಗಸರು, ಸಲಹೆಗಾರರು ಗಂಡಸರು. ಆ ಕಾಲಕ್ಕೆ ಅದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಅಮೆರಿಕದಲ್ಲಿ ಹಣ ಎತ್ತುವ ಕೆಲಸಕ್ಕೂ ಒಂದು ಬೆಲೆ ಇತ್ತೆನ್ನಬೇಕು. ವಿಧವೆಯ ದುಃಖವನ್ನು ವರ್ಣಿಸದೆ ಡಾಲರ್ ಹುಟ್ಟದು. ವರ್ಣಿಸಿದಷ್ಟೂ ಭಾರತದ ಚಿತ್ರ ಕಪ್ಪಾಗುತ್ತದೆ. ಮುಂದೆ 1895ರಲ್ಲಿ ಬ್ರೂಕ್ಲಿನ್ನಿನಲ್ಲಿ ಸ್ವಾಮಿ ವಿವೇಕಾನಂದರಿಗೂ ಅಲ್ಲಿನ ರಮಾಬಾಯಿ ಸರ್ಕಲ್ಲಿಗೂ ಇದೇ ವಿಷಯಕ್ಕೆ ಪತ್ರಿಕೆಗಳಲ್ಲಿ ಜಟಾಪಟಿ ನಡೆಯಿತು.

ತೆರೆದ ಬಾಗಿಲು

ಆನಂದಿಬಾಯಿ ಪದವಿ ಪಡೆದ ದಿನಕ್ಕೆ ಸರಿಯಾಗಿ ಮೂರು ವರ್ಷಕ್ಕೆ, 1889ರ ಮಾರ್ಚ್ 11ರಂದು, ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ಆರಂಭವಾಯಿತು. ಸಭೆಯ ಅಧ್ಯಕ್ಷತೆ ವಹಿಸಿದ್ದವರು ಮರಾಠಿ ಲೇಖಕಿ ಕಾಶೀಬಾಯಿ ಕಾನಿಟ್ಕರ್. ಆರಂಭದಲ್ಲಿ ಇದ್ದವರು ಇಬ್ಬರೇ ವಿದ್ಯಾರ್ಥಿನಿಯರು. ಅವರಲ್ಲಿ ಒಬ್ಬರು, ಬಾಲ್ಯದಲ್ಲೇ ವಿಧವೆಯಾದ ಗೋದುಬಾಯಿ. 1890ರ ಕೊನೆಗೆ ಶಾಲೆ ಪುಣೆಗೆ ಬಂತು. ಮುಂಬಯಿಯ ಖರ್ಚು ಹೆಚ್ಚು ಎಂಬುದು ಒಂದು ಕಾರಣ. ಆದರೆ ಸನಾತನಿಗಳ ಭದ್ರಕೋಟೆಯೂ ಪುಣೆಯೇ.

ಗಲಾಟೆ ಅಷ್ಟರಲ್ಲೇ ಶುರುವಾಗಿತ್ತು. ಸದನದ ಹುಡುಗಿಯರು ಕ್ರೈಸ್ತ ಮತದ ಕಡೆ ಒಲಿಯುತ್ತಿದ್ದಾರೆ ಎಂಬ ಅರ್ಥದ ವರದಿ 1889ರ ಕೊನೆಯಲ್ಲಿ ಅಮೆರಿಕದ ಕ್ರೈಸ್ತ ಪತ್ರಿಕೆಯೊಂದರಲ್ಲಿ ಬಂತು. ಬಾಳ ಗಂಗಾಧರ ತಿಲಕರ 'ಕೇಸರಿ' ಅದನ್ನು ಹಿಡಿದು ಶಾಲೆಯ ಮೇಲೆ ಟೀಕೆಯ ಮಳೆ ಸುರಿಸಿತು. ಇದು ಶಾಲೆಯಲ್ಲ, ಮಿಶನ್ ಎಂಬುದು ಆರೋಪ.

ನಿಜವಾಗಿ ಸದನದೊಳಗೆ ಏನು ನಡೆಯುತ್ತಿತ್ತು? ಪಾಠದ ಹೊತ್ತಿನಲ್ಲಿ ಮತದ ಮಾತಿರಲಿಲ್ಲ. ಊಟಕ್ಕೆ ಜಾತಿಯ ಕಟ್ಟಳೆಯಂತೆ ವ್ಯವಸ್ಥೆ ಇತ್ತು. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥನೆ ಮಾಡುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. ಬಂದವರನ್ನು ಅವರು ಕಳಿಸುತ್ತಲೂ ಇರಲಿಲ್ಲ. ಇಡೀ ವಿವಾದ ಈ ಬಾಗಿಲಿನ ಸುತ್ತ ತಿರುಗಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಸಲಹೆಗಾರರ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಹುಡುಗಿಯರು ಎಳೆಯರು, ಆಶ್ರಯಕ್ಕೆ ಬಂದವರು. ಅನ್ನ, ಅಕ್ಷರ, ಪ್ರೀತಿ ಕೊಟ್ಟ ಬಾಯಿ ಪ್ರಾರ್ಥಿಸುವಾಗ ಅವರು ಹೋಗಿ ಕೂತರೆ ಅದನ್ನು ಸ್ವಂತ ಇಚ್ಛೆ ಎನ್ನುವುದು ಹೇಗೆ? ಪಾಲಕರು ಇವರ ಹೆಸರನ್ನು ನಂಬಿ ಮಕ್ಕಳನ್ನು ಕಳಿಸಿದ್ದರು. ನಾಳೆ ಊರಿಗೆ ಉತ್ತರ ಹೇಳಬೇಕಾದವರು ಇವರೇ. ರಮಾಬಾಯಿಯವರ ವಾದಕ್ಕೂ ಬಲವಿತ್ತು. ಹಿಂದೂ ಹುಡುಗಿ ತನ್ನ ಪೂಜೆ ಮಾಡಬಹುದು, ಮುಖ್ಯಸ್ಥೆ ಮಾತ್ರ ಪ್ರಾರ್ಥನೆಯನ್ನು ಬಚ್ಚಿಟ್ಟುಕೊಳ್ಳಬೇಕು ಎಂಬುದು ಯಾವ ತಟಸ್ಥತೆ? ಬಲವಂತ ಮಾಡುವುದಿಲ್ಲ ಎಂದು ಮಾತು ಕೊಟ್ಟಿದ್ದೇ ಹೊರತು, ತನ್ನ ನಂಬಿಕೆಯನ್ನು ಮರೆಮಾಚುತ್ತೇನೆ ಎಂದಲ್ಲ ಎಂಬುದು ಅವರ ನಿಲುವು. 'ತಟಸ್ಥ' ಎಂಬ ಒಂದೇ ಮಾತಿಗೆ ಬಾಸ್ಟನ್ನಿನಲ್ಲಿ 'ಯಾವ ಪಂಥದ್ದೂ ಅಲ್ಲ' ಎಂಬ ಅರ್ಥವಿತ್ತು, ಪುಣೆಯಲ್ಲಿ 'ಕ್ರೈಸ್ತ ಗಾಳಿಯೂ ಸೋಕಬಾರದು' ಎಂಬ ಅರ್ಥವಿತ್ತು. ಮೊದಲ ದಿನವೇ ಇದನ್ನು ಬಿಡಿಸಿ ಬರೆದಿಟ್ಟಿದ್ದರೆ ಸಂಸ್ಥೆ ಹುಟ್ಟುತ್ತಿತ್ತೋ ಇಲ್ಲವೋ, ಹೇಳುವುದು ಕಷ್ಟ.

ಇನ್ನೊಂದು ಗಂಟೂ ಇತ್ತು. ಸಲಹಾ ಮಂಡಳಿಗೆ ಹೆಸರಿತ್ತು, ಅಧಿಕಾರವಿರಲಿಲ್ಲ. ಶಾಲೆಯ ಆಡಳಿತವನ್ನು ಕೈಗೆ ತೆಗೆದುಕೊಳ್ಳಲಾಗಲಿ, ಮುಖ್ಯಸ್ಥೆಯನ್ನು ಬದಲಿಸಲಾಗಲಿ ಅವರಿಗೆ ಹಕ್ಕಿರಲಿಲ್ಲ. ಬಾಸ್ಟನ್ನಿಗೆ ದೂರು ಬರೆಯಬಹುದಿತ್ತು, ಅಷ್ಟೆ. ಅಧಿಕಾರವಿಲ್ಲದೆ ಅಪಕೀರ್ತಿ ಮಾತ್ರ ಹೊರುವ ಸ್ಥಾನದಲ್ಲಿ ಯಾರು ಎಷ್ಟು ದಿನ ನಿಂತಾರು? ಆಗಸ್ಟ್ ತಿಂಗಳ ಪತ್ರದಿಂದ ಅವರು ಹೊರಬಂದರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಬಂದು ಕರೆದೊಯ್ದರು. ದೊಡ್ಡವರ ಪತ್ರವ್ಯವಹಾರಗಳೆಲ್ಲ ಕಡತಗಳಲ್ಲಿ ಉಳಿದಿವೆ. ಬಿಟ್ಟು ಬಂದ ಮನೆಗೇ ಪುಸ್ತಕ ಮಡಚಿಕೊಂಡು ಮರಳಿದ ಹುಡುಗಿಯರಲ್ಲಿ ಹೆಚ್ಚಿನವರ ಹೆಸರು ಕೂಡ ಯಾರಿಗೂ ನೆನಪಿಲ್ಲ.

ಬಾಸ್ಟನ್ ಸಮಿತಿ ಪತ್ರ ಓದಿ ಅಲ್ಲಿಂದಲೇ ತೀರ್ಪು ಕೊಡಲಿಲ್ಲ. ಜುಡಿತ್ ಆಂಡ್ರೂಸ್ ಸ್ವತಃ ಪುಣೆಗೆ ಬಂದು ಸದನವನ್ನು ನೋಡಿದರು. ಕೊನೆಗೆ ಸಮಿತಿ ರಮಾಬಾಯಿಯವರ ಬೆಂಬಲಕ್ಕೆ ನಿಂತಿತು. ಒಡಂಬಡಿಕೆಯ ಹತ್ತು ವರ್ಷ ಪೂರ್ತಿ ಹಣ ಬಂತು.

ಒಡೆದ ಮೇಲೆ

ಪುಣೆಯವರ ಭಯ ಸುಳ್ಳಾಗಲಿಲ್ಲ ಎಂಬುದನ್ನೂ ಹೇಳಬೇಕು. 1895ರಲ್ಲಿ ಸದನದ ಕೆಲವು ವಿದ್ಯಾರ್ಥಿನಿಯರು ಕ್ರೈಸ್ತ ದೀಕ್ಷೆ ಪಡೆದರು. ಹಿಂದೂ ಸಲಹೆಗಾರರು ಹೋದ ಮೇಲೆ ರಮಾಬಾಯಿಯವರನ್ನು ತಡೆಯುವವರೂ ಇರಲಿಲ್ಲ, ಅವರ ಪರವಾಗಿ ಊರಿನಲ್ಲಿ ಮಾತನಾಡುವವರೂ ಇರಲಿಲ್ಲ. 1896-97ರ ಬರಗಾಲದಲ್ಲಿ ಅವರು ಮಧ್ಯ ಪ್ರಾಂತಕ್ಕೆ ಹೋಗಿ ನೂರಾರು ಅನಾಥ ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧವಿದ್ದುದರಿಂದ ಕೆಡಗಾಂವದ ಜಮೀನಿನಲ್ಲಿ ಅವರಿಗೆ ನೆಲೆ ಮಾಡಿದರು. 'ಮುಕ್ತಿ' ಹುಟ್ಟಿದ್ದು ಹಾಗೆ. ಇಲ್ಲಿಗೆ ಬಂದವರು ಮೇಲ್ಜಾತಿಯ ವಿಧವೆಯರಷ್ಟೇ ಅಲ್ಲ. ಎಲ್ಲ ಜಾತಿಯ, ಗತಿಯಿಲ್ಲದ ಹೆಣ್ಣುಮಕ್ಕಳು. 1898ರಲ್ಲಿ ರಮಾಬಾಯಿ ಮತ್ತೆ ಅಮೆರಿಕಕ್ಕೆ ಹೋದಾಗ ಹಳೆಯ ಸಂಘ ವಿಸರ್ಜನೆಯಾಯಿತು, 'ಅಮೆರಿಕನ್ ರಮಾಬಾಯಿ ಅಸೋಸಿಯೇಷನ್' ಎಂಬ ಹೊಸದು ಬಂತು. ಈ ಸಲ ತಟಸ್ಥತೆಯ ಷರತ್ತು ಇರಲಿಲ್ಲ. ಮುಕ್ತಿ ತಾನು ಕ್ರೈಸ್ತ ಸಂಸ್ಥೆ ಎಂದು ತೆರೆದು ಹೇಳಿಕೊಂಡಿತು.

ಇತ್ತ ಪುಣೆಯಲ್ಲಿ ನಡೆದದ್ದೂ ಸ್ವಾರಸ್ಯವಾದದ್ದೇ. ಶಾರದಾ ಸದನದ ಆ ಮೊದಲ ವಿದ್ಯಾರ್ಥಿನಿ ಗೋದುಬಾಯಿಯನ್ನು, ಗಣಿತದ ಪ್ರಾಧ್ಯಾಪಕ ಧೋಂಡೋ ಕೇಶವ ಕರ್ವೆ 1893ರ ಮಾರ್ಚ್ 11ರಂದು ಮದುವೆಯಾದರು. ಮತ್ತೆ ಅದೇ ಮಾರ್ಚ್ 11. ಕರ್ವೆಯವರ ಊರು ಮುರುಡ್ ಅವರಿಗೆ ಬಹಿಷ್ಕಾರ ಹಾಕಿತು. 1896ರಲ್ಲಿ ಕರ್ವೆ ವಿಧವೆಯರಿಗಾಗಿ ತಾವೇ ಒಂದು ಸಂಸ್ಥೆ ಕಟ್ಟಿದರು: ಅನಾಥ ಬಾಲಿಕಾಶ್ರಮ. ಅದರ ಅಧ್ಯಕ್ಷರಾಗಿ ಬಂದವರು ಬೇರೆ ಯಾರೂ ಅಲ್ಲ, ಭಂಡಾರ್ಕರ್. ಅಲ್ಲಿ ಅವರಿಗೆ ಮುಜುಗರವಿರಲಿಲ್ಲ. ಮುಖ್ಯಸ್ಥರು ಹಿಂದೂ, ಹಣ ಊರಿನ ಚಂದಾ, ತೀರ್ಮಾನ ಸಮಿತಿಯದು. 1916ರಲ್ಲಿ ಕರ್ವೆ ಮಹಿಳಾ ವಿಶ್ವವಿದ್ಯಾಲಯ ಆರಂಭಿಸಿದಾಗ ಅದರ ಮೊದಲ ಕುಲಾಧಿಪತಿಯೂ ಭಂಡಾರ್ಕರರೇ ಆದರು. ಇನ್ನು ರಾನಡೆಯವರ ಪತ್ನಿ ರಮಾಬಾಯಿ, ಗಂಡ ತೀರಿಕೊಂಡ ಮೇಲೆ, 1909ರಲ್ಲಿ ಪುಣೆಯ ಸೇವಾ ಸದನದ ಅಧ್ಯಕ್ಷೆಯಾದರು. ಅಲ್ಲಿ ಹಿಂದೂ ಹೆಂಗಸೊಬ್ಬರೇ ಅಧ್ಯಕ್ಷರ ಕುರ್ಚಿಯಲ್ಲಿದ್ದರು. ಅಷ್ಟರಲ್ಲಿ ಪುಣೆಗೆ ಅದು ಅಭ್ಯಾಸವಾಗಿತ್ತು.

ಕೆಡಗಾಂವದಲ್ಲಿ ಪಂಡಿತಾ ರಮಾಬಾಯಿ ತಮ್ಮ ನಂತರ ಮನೋರಮಾ ಎಂದು ನಿಶ್ಚಯಿಸಿದ್ದರು. ಮಗಳನ್ನು ವಿದೇಶದಲ್ಲಿ ಓದಿಸಿ, ಶಾಲೆಯ ಹೊಣೆ ಒಪ್ಪಿಸಿ ಸಿದ್ಧಮಾಡಿದ್ದರು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಗುಲ್ಬರ್ಗಕ್ಕೂ 1910ರ ದಶಕದಲ್ಲಿ ಮುಕ್ತಿಯ ಶಾಲೆ ಬಂತು. ಅದನ್ನು ಕಟ್ಟುವುದರಲ್ಲಿ ಮನೋರಮಾ ತಾಯಿಗೆ ಹೆಗಲು ಕೊಟ್ಟರು. ಆದರೆ 1921ರಲ್ಲಿ ತಾಯಿಗಿಂತ ಮೊದಲೇ ಮಗಳು ತೀರಿಕೊಂಡರು. 1922ರ ಏಪ್ರಿಲ್ 5ರಂದು ರಮಾಬಾಯಿ ನಿಧನರಾದಾಗ ಸಂಸ್ಥೆಯ ಹೊಣೆ ಸಹೋದ್ಯೋಗಿಗಳ ಕೈಗೆ ಬಂತು. ಮುಕ್ತಿ ಇಂದಿಗೂ ಕೆಡಗಾಂವದಲ್ಲಿ ನಡೆಯುತ್ತಿದೆ.