ಸೇನೆಯ ಹಳೆಯ ಮಳೆಹೊದಿಕೆ: ತಪ್ಪು ಕಲ್ಪನೆ ಮತ್ತು ಸತ್ಯ

ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯಂತಹ ಹೆದ್ದಾರಿ ಬದಿಯ ಊರುಗಳಲ್ಲಿ ಬಸ್ಸಿಳಿದು, ಒಳಗಿನ ಹಳ್ಳಿಗಳಿಗೆ ನಡೆದೋ ಬೈಕಿನಲ್ಲೋ ಸಾಗುವವರಿಗೆ ಬೆನ್ನುಚೀಲದೊಳಗಿನ ಪುಸ್ತಕ, ಲ್ಯಾಪ್‌ಟಾಪ್‌ಗಳನ್ನು ಮಳೆಯಿಂದ ಕಾಪಾಡಿಕೊಳ್ಳುವುದು ಸಣ್ಣ ಸಂಗತಿಯಲ್ಲ. ಚೀಲದ ಹೊರಮೈಗೆ ತೊಡಿಸಿ ಎಲಾಸ್ಟಿಕ್ಕಿನಿಂದ ಬಿಗಿಯುವ ಮುಸುಕಿಗೆ ಮಳೆಹೊದಿಕೆ ಅಥವಾ ರೇನ್ ಕವರ್ ಎನ್ನುತ್ತಾರೆ. ಸೇನೆಗಳು ಬಳಸಿ ವಿಲೇವಾರಿ ಮಾಡಿದ ಇಂತಹ ಹೊದಿಕೆಗಳನ್ನು ಕೊಳ್ಳುವ ಮುನ್ನ ಕೆಲವು ತಪ್ಪು ಕಲ್ಪನೆಗಳನ್ನು ತಿದ್ದಿಕೊಳ್ಳುವುದು ಅಗತ್ಯ.

ತಪ್ಪು ಕಲ್ಪನೆ: ಬಯಲುಸೀಮೆಯಲ್ಲಿ ಮಳೆಹೊದಿಕೆಯ ಅಗತ್ಯವೇ ಇಲ್ಲ.

ಸತ್ಯ: ಮುಂಗಾರಿನ ತೇವದ ಬಹುಪಾಲನ್ನು ಪಶ್ಚಿಮ ಘಟ್ಟಗಳು ತಡೆಯುವುದರಿಂದ ಹಿರಿಯೂರು ಮಳೆನೆರಳಿನ ಸೀಮೆಯಾಗಿದೆ. ಆದರೆ ವರ್ಷದ ಮೊತ್ತ ಕಡಿಮೆಯೆಂದ ಮಾತ್ರಕ್ಕೆ ಬೀಳುವ ಮಳೆಯ ಬಿರುಸೂ ಕಡಿಮೆಯೆನ್ನಲಾಗದು; ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಗುಡುಗುಮಳೆ ಗಾಳಿಯೊಡನೆ ಅಡ್ಡಡ್ಡಲಾಗಿ ಹೊಡೆದು ಅಲ್ಪ ಕಾಲದಲ್ಲೇ ಚೀಲವನ್ನು ತೋಯಿಸಬಲ್ಲದು. 1933ರ ಬಳಿಕ ಕೋಡಿ ಹರಿಯದಿದ್ದ ಹಿರಿಯೂರು ಬಳಿಯ ವಾಣಿವಿಲಾಸ ಸಾಗರ ಜಲಾಶಯ 2022ರಲ್ಲಿ ತುಂಬಿ ಹರಿದದ್ದು ಈ ಸೀಮೆಯ ಮಳೆಯ ಏರುಪೇರಿಗೆ ಸಾಕ್ಷಿ.

ತಪ್ಪು ಕಲ್ಪನೆ: ಸೇನೆಯ ವಸ್ತು ಎಷ್ಟು ಹಳೆಯದಾದರೂ ಕೆಡುವುದಿಲ್ಲ.

ಸತ್ಯ: ನೈಲಾನ್ ಬಟ್ಟೆ ಗಟ್ಟಿಯಾಗಿಯೇ ಉಳಿದರೂ ನೀರನ್ನು ತಡೆಯುವುದು ಅದರ ಒಳಮೈಗೆ ಬಳಿದ ಪಾಲಿಯುರೆಥೇನ್ ಎಂಬ ತೆಳು ಲೇಪ. ಸೆಕೆ ಮತ್ತು ತೇವದಲ್ಲಿ ವರ್ಷಗಟ್ಟಲೆ ಮಡಿಸಿಟ್ಟಾಗ, ನೀರಿನ ಅಂಶವೇ ಲೇಪದ ಅಣುಸರಪಳಿಯನ್ನು ಕಡಿಯುವ ಜಲವಿಚ್ಛೇದನ ಕ್ರಿಯೆ ನಡೆದು, ಲೇಪ ಅಂಟಂಟಾಗಿ, ಹುಳಿವಾಸನೆ ಬೀರುತ್ತ, ಹೊಟ್ಟಿನಂತೆ ಉದುರತೊಡಗುತ್ತದೆ. ಹಾಗೆ ಉದುರಿದ ಹೊದಿಕೆಯನ್ನು ತೊಳೆದರೂ ಅದು ಮೊದಲಿನಂತಾಗದು.

ತಪ್ಪು ಕಲ್ಪನೆ: ಹನಿಗಳು ಮಣಿಯಂತೆ ಉರುಳಿದರೆ ಹೊದಿಕೆ ಜಲನಿರೋಧಕ.

ಸತ್ಯ: ಹನಿ ಉರುಳಿಸುವುದು ಹೊರಮೈಯ ಬೇರೊಂದು ಲೇಪನ, ಅದು ಒಗೆತ ಮತ್ತು ಉಜ್ಜುವಿಕೆಯಿಂದ ಸವೆಯುತ್ತದೆ. ನೀರು ತಡೆಯುವ ನಿಜವಾದ ಶಕ್ತಿಯನ್ನು, ಬಟ್ಟೆಯು ಸೋರದೆ ತಾಳಬಲ್ಲ ನೀರಿನ ಕಂಬದ ಎತ್ತರದಿಂದ, ಮಿಲಿಮೀಟರ್‌ಗಳಲ್ಲಿ ಅಳೆಯಲಾಗುತ್ತದೆ. ಬಟ್ಟೆ ಎಷ್ಟೇ ಒಳ್ಳೆಯದಾದರೂ ಹೊಲಿಗೆಯ ಸೂಜಿರಂಧ್ರಗಳ ಮೇಲಿನ ಪಟ್ಟಿ ಕಿತ್ತುಬಂದಿದ್ದರೆ ನೀರು ಅಲ್ಲಿಂದಲೇ ಒಳನುಗ್ಗುತ್ತದೆ.

ತಪ್ಪು ಕಲ್ಪನೆ: ಹೊದಿಕೆ ತೊಡಿಸಿದರೆ ಒಳಗಿನದೆಲ್ಲ ಒಣಗಿರುತ್ತದೆ.

ಸತ್ಯ: ಕುರಿಗಾಹಿಯ ಕಂಬಳಿಕೊಪ್ಪೆ ತಲೆಯಿಂದ ಬೆನ್ನಿಗಿಳಿದು ಹೊತ್ತವರನ್ನೂ ಹೊರೆಯನ್ನೂ ಒಟ್ಟಿಗೆ ಮುಚ್ಚುತ್ತದೆ, ಮಳೆಹೊದಿಕೆಯಾದರೋ ಬೆನ್ನಿಗೆ ತಾಗುವ ಬದಿಯನ್ನು ತೆರೆದೇ ಬಿಡುವುದರಿಂದ, ಕತ್ತಿನಿಂದಿಳಿಯುವ ನೀರು ಪಟ್ಟಿಗಳ ಹಾದಿಯಲ್ಲಿ ಚೀಲವನ್ನು ಸೇರುತ್ತದೆ.

ತಪ್ಪು ಕಲ್ಪನೆ: ಸೇನೆಯ ಬಣ್ಣದ ವಸ್ತುವನ್ನು ಇಟ್ಟುಕೊಳ್ಳುವುದೇ ಅಪರಾಧ.

ಸತ್ಯ: ಭಾರತೀಯ ನ್ಯಾಯ ಸಂಹಿತೆಯ 168ನೆಯ ಕಲಮು ಶಿಕ್ಷಿಸುವುದು, ಸೈನಿಕನೆಂದು ಇತರರನ್ನು ನಂಬಿಸುವ ಉದ್ದೇಶದಿಂದ ಸೈನಿಕರ ಉಡುಪನ್ನು ಹೋಲುವುದನ್ನು ತೊಡುವವರನ್ನು ಅಥವಾ ಅವರ ಗುರುತನ್ನು ಹೋಲುವುದನ್ನು ಹೊರುವವರನ್ನು. ಆದರೂ ಭಾರತೀಯ ಸೇನೆ 2022ರಲ್ಲಿ ಹೊರತಂದ ಹೊಸ ಸಮರವಸ್ತ್ರದ ವಿನ್ಯಾಸದ ಹಕ್ಕು ಸೇನೆಯದೇ ಆಗಿರುವುದರಿಂದ ಅದರ ನಕಲುಗಳನ್ನು ಕೊಳ್ಳದಿರುವುದು, ಸಾದಾ ಹಸಿರು ಹೊದಿಕೆಯನ್ನು ಆರಿಸುವುದು ಲೇಸು.

ಕೊಳ್ಳುವಾಗ ಹೊದಿಕೆಯನ್ನು ಒಳಮಗ್ಗುಲು ತಿರುಗಿಸಿ ಬೆರಳಿನಿಂದ ಉಜ್ಜಿ, ಬೆಳಕಿಗೆ ಹಿಡಿದು ಹೊಲಿಗೆಯನ್ನು ಪರೀಕ್ಷಿಸಿ, ಒಂದು ಲೋಟ ನೀರು ಸುರಿದು ಕೆಲಹೊತ್ತು ಕಾಯಬೇಕು. ಈ ಪರೀಕ್ಷೆಯಲ್ಲಿ ಗೆದ್ದ ಹೊದಿಕೆಯ ಒಳಗೂ ಪುಸ್ತಕ, ಯಂತ್ರಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡುವುದೇ ನೆಚ್ಚಬಹುದಾದ ರಕ್ಷಣೆ.