ತಂಬೂರಿ ಹಿಡಿದವರ ಹೆಸರೇನು?

ಡಿಸೆಂಬರ್ ಹತ್ತಿರ ಬಂದರೆ ಪುಣೆಯ ಕನ್ನಡಿಗರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಈ ಸಲ ಸವಾಯಿಗೆ ಎಷ್ಟು ದಿನ?" ಸವಾಯಿ ಎಂದರೆ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ತೀರಿಕೊಂಡರು. ಮರುವರ್ಷವೇ ಅವರ ಶಿಷ್ಯ, ನಮ್ಮ ಗದಗ ಸೀಮೆಯ ಭೀಮಸೇನ ಜೋಶಿಯವರು ಪುಣೆಯಲ್ಲಿ ಗುರುವಿನ ಹೆಸರಿನಲ್ಲಿ ಈ ಹಬ್ಬ ಶುರುಮಾಡಿದರು. ಗುರುವೂ ಧಾರವಾಡದ ಕಡೆಯವರು, ಶಿಷ್ಯರೂ ಆ ಕಡೆಯವರೇ. ಇದನ್ನು ಆಫೀಸಿನ ಮರಾಠಿ ಗೆಳೆಯರಿಗೆ ವರ್ಷಕ್ಕೊಮ್ಮೆ ನೆನಪಿಸದಿದ್ದರೆ ನನಗೆ ಸಮಾಧಾನವಿಲ್ಲ. ಅವರೂ ನಗುತ್ತಾ ಒಪ್ಪಿಕೊಳ್ಳುತ್ತಾರೆ.

ಅಲ್ಲಿ ನಡೆಯುವುದು ಹಾಡು-ವಾದನ ಮಾತ್ರವಲ್ಲ. ಒಂದು ಕಡೆ ಸಾಬುದಾಣೆ ವಡೆಯ ಸಾಲು, ಇನ್ನೊಂದು ಕಡೆ ಪುಸ್ತಕ, ಸಿ.ಡಿ. ಬೆಳಗಿನ ಹೊತ್ತು ಬೇರೆ ಸಭಾಂಗಣದಲ್ಲಿ 'ಷಡ್ಜ' ಎಂದು ಸಂಗೀತಗಾರರ ಮೇಲಿನ ಸಾಕ್ಷ್ಯಚಿತ್ರಗಳು, 'ಅಂತರಂಗ' ಎಂದು ಕಲಾವಿದರ ಜೊತೆ ಮಾತುಕತೆ. ಇವುಗಳ ನಡುವೆ ನಾನು ಹೆಚ್ಚು ಹೊತ್ತು ನಿಲ್ಲುವುದು ಫೋಟೋಗಳ ಮುಂದೆ. ಪುಣೆಯ ಛಾಯಾಗ್ರಾಹಕ ಸತೀಶ ಪಾಕಣೀಕರ ಅವರು ದಶಕಗಳಿಂದ ಸಂಗೀತಗಾರರ ಚಿತ್ರ ತೆಗೆಯುತ್ತಾ ಬಂದವರು. ಉದ್ಯಮಗಳಿಗೆ ಫೋಟೋ ತೆಗೆಯುವುದು ಅವರ ವೃತ್ತಿ, ಇದು ಹಚ್ಚಿಕೊಂಡ ಹುಚ್ಚು. ಮಹೋತ್ಸವದ ಅಂಗಳದಲ್ಲಿ ಅವರ ಪ್ರದರ್ಶನಗಳು, ಅವರು ತರುವ ಸಂಗೀತದ ಕ್ಯಾಲೆಂಡರುಗಳು ಪುಣೆಯ ರಸಿಕರಿಗೆ ಚಿರಪರಿಚಿತ. ಎಷ್ಟೋ ಮನೆಗಳಲ್ಲಿ ವರ್ಷ ಮುಗಿದರೂ ಆ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸುವುದಿಲ್ಲ.

ಭೀಮಸೇನರನ್ನು ಹಾಡುವಾಗ ನೋಡಿದವರಿಗೆ ಗೊತ್ತು, ಅವರು ಗಂಟಲಿನಿಂದಷ್ಟೇ ಹಾಡುತ್ತಿರಲಿಲ್ಲ. ತಾನ್ ಏಳುವಾಗ ಇಡೀ ಮೈ ಏಳುತ್ತಿತ್ತು. ಕೈ ಗಾಳಿಯಲ್ಲಿ ಏನನ್ನೋ ಹಿಡಿದು ಎಳೆದು ತರುತ್ತಿತ್ತು. ಅಂಥವರ ಫೋಟೋ ತೆಗೆಯುವುದು ಸುಲಭ ಅನ್ನಿಸಬಹುದು. ಕ್ಯಾಮೆರಾ ಹಿಡಿದು ಗುಂಡಿ ಒತ್ತಿದರಾಯಿತು, ಏನಾದರೊಂದು ಸಿಗುತ್ತದೆ. ಆದರೆ ಆ 'ಏನಾದರೊಂದು' ಬಹಳ ಸಲ ಬಾಯಿ ಸೊಟ್ಟಗಾದ ಒಬ್ಬ ಮನುಷ್ಯನ ಚಿತ್ರವಾಗಿರುತ್ತದೆ ಅಷ್ಟೇ. ಹಾಡಿನ ಚಿತ್ರವಾಗಿರುವುದಿಲ್ಲ.

ಈ ವ್ಯತ್ಯಾಸವನ್ನು ನನಗೆ ತೋರಿಸಿಕೊಟ್ಟವಳು ಕೋಥರೂಡಿನಲ್ಲಿ ನಮ್ಮ ಪಕ್ಕದ ಸೊಸೈಟಿಯಲ್ಲಿ ಪೇಯಿಂಗ್ ಗೆಸ್ಟ್ ಆಗಿರುವ ಫೋಟೋಗ್ರಫಿ ವಿದ್ಯಾರ್ಥಿನಿ. ಹುಬ್ಬಳ್ಳಿ ಕಡೆಯವಳು. ತಂದೆಯದು ಮದುವೆ-ಮುಂಜಿಯ ಫೋಟೋ ಸ್ಟುಡಿಯೋ. ಮಗಳು ಕೋರ್ಸ್ ಮುಗಿಸಿ ಬಂದು ಸ್ಟುಡಿಯೋ ನೋಡಿಕೊಳ್ಳಲಿ, ಡ್ರೋನು, ಪ್ರೀ-ವೆಡ್ಡಿಂಗ್ ಎಲ್ಲ ಮಾಡಲಿ ಎಂದು ಅವರ ಆಸೆ. ಅವಳಿಗೆ ಹಿಡಿದಿರುವುದು ಸಂಗೀತ ಕಛೇರಿಯ ಗೀಳು. ಕೋಥರೂಡಿನ ಯಶವಂತರಾವ್ ಚವ್ಹಾಣ ನಾಟ್ಯಗೃಹವಿರಲಿ, ಎರಂಡವಣೆಯಲ್ಲಿ ನಮ್ಮ ಕನ್ನಡ ಸಂಘದ ಸಭಾಂಗಣದ ದಾಸವಾಣಿಯಿರಲಿ, ಯಾರದೋ ಮನೆಯ ಗಣಪತಿ ಮುಂದಿನ ಭಜನೆಯಿರಲಿ, ಅವಳು ಮೂಲೆಯಲ್ಲಿ ಇರುತ್ತಾಳೆ. ಕರಿ ಅಂಗಿ, ಸದ್ದಾಗದ ಚಪ್ಪಲಿ. ಬಳೆ ಹಾಕುವುದಿಲ್ಲ. "ತಂಬೂರಿ ನಡುವ ನನ್ನ ಬಳಿ ಸಪ್ಪಳ ಯಾಕ್ರೀ" ಅನ್ನುತ್ತಾಳೆ.

ಅವಳ ಜೊತೆ ಒಂದು ಸಂಜೆ ಕೂತಾಗ ನಾನು ಕೇಳಿದೆ, "ಅರ್ಧ ಗಂಟೆಯಿಂದ ಕ್ಯಾಮೆರಾನೇ ಎತ್ತಿಲ್ಲವಲ್ಲ?"

"ಇನ್ನೂ ವಿಲಂಬಿತ ನಡದೈತ್ರೀ. ಸಮ್ ಎಲ್ಲಿ ಬೀಳ್ತದ ಅಂತ ತಿಳೀಬೇಕಲ್ಲ ಮೊದಲ."

ಫೋಟೋ ತೆಗೆಯಲು ತಾಳದ ಲೆಕ್ಕ ಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಏಕತಾಳದ ಹನ್ನೆರಡು ಮಾತ್ರೆ ವಿಲಂಬಿತದಲ್ಲಿ ಒಂದು ಸುತ್ತು ಬರಲು ಮುಕ್ಕಾಲು ನಿಮಿಷಕ್ಕಿಂತಲೂ ಹೆಚ್ಚು ಹಿಡಿಯಬಹುದು. ಗಾಯಕರು ಎಲ್ಲೆಲ್ಲೋ ತಿರುಗಾಡಿ ಬಂದು ಸಮ್ಮಿನ ಮೇಲೆ ಇಳಿಯುವ ಆ ಕ್ಷಣ ತಬಲಾದವರ ತಲೆ ಮೇಲೇಳುತ್ತದೆ, ಹಾರ್ಮೋನಿಯಂನವರ ಕಣ್ಣು ಗಾಯಕರ ಕಡೆ ಹೊರಳುತ್ತದೆ, ಹಿಂದೆ ಕೂತ ಶಿಷ್ಯೆಯ ಮುಖದಲ್ಲಿ ಒಂದು ನಗು ಸುಳಿಯುತ್ತದೆ. ಎಲ್ಲ ಒಂದೇ ಫ್ರೇಮಿನಲ್ಲಿ ಸಿಗುವುದು ಆಗ ಮಾತ್ರ. ಒಂದು ಚಿಟಿಕೆ ತಡವಾದರೆ ಮುಂದಿನ ಆವರ್ತನದ ತನಕ ಕಾಯಬೇಕು. ತಾಳ ತಿಳಿಯದವನು ಸಾವಿರ ಕ್ಲಿಕ್ ಮಾಡಿ ಅದೃಷ್ಟಕ್ಕೆ ಬಿಡುತ್ತಾನೆ. ತಿಳಿದವನು ಹತ್ತು ಮಾಡುತ್ತಾನೆ.

ಉಪಕರಣದ ತಾಪತ್ರಯವೂ ಕಡಿಮೆಯಲ್ಲ. ಫ್ಲ್ಯಾಶ್ ಹಾಕುವಂತಿಲ್ಲ, ಹಾಕಲೂಬಾರದು. ವೇದಿಕೆಯ ಬೆಳಕು ನಮ್ಮ ಕಣ್ಣಿಗೆ ಝಗಝಗ ಅನ್ನಿಸಿದರೂ ಕ್ಯಾಮೆರಾಗೆ ಅರೆಗತ್ತಲು. ಫಿಲ್ಮ್ ಕಾಲದಲ್ಲಿ ಕೊಡಾಕ್ ಟ್ರೈ-ಎಕ್ಸ್‌ನಂಥ 400 ವೇಗದ ಕಪ್ಪು-ಬಿಳುಪು ಫಿಲ್ಮನ್ನು 1600 ಎಂದು ಲೆಕ್ಕ ಹಿಡಿದು ತೆಗೆದು, ಡೆವಲಪ್ ಮಾಡುವಾಗ ಹೆಚ್ಚು ಹೊತ್ತು ಇಟ್ಟು ಸರಿದೂಗಿಸುತ್ತಿದ್ದರು. ಒಂದು ರೋಲಿಗೆ 36 ಚಿತ್ರ. ರಾತ್ರಿಯಿಡೀ ನಡೆಯುತ್ತಿದ್ದ ಕಛೇರಿಗೆ ನಾಲ್ಕು ರೋಲು ಒಯ್ದರೆ 144. ಇವತ್ತು ನಾವು ಒಂದು ಹುಟ್ಟುಹಬ್ಬಕ್ಕೆ ಮೊಬೈಲಿನಲ್ಲಿ ಅಷ್ಟು ತೆಗೆಯುತ್ತೇವೆ.

ಈಗಿನ ಕ್ಯಾಮೆರಾಗಳಿಗೆ ಕತ್ತಲೆಯ ಭಯ ಅಷ್ಟಿಲ್ಲ. ಸಪ್ಪಳವನ್ನೂ ತೆಗೆದುಹಾಕಬಹುದು: ಹಳೆಯ ಎಸ್ಎಲ್ಆರ್‌ನಲ್ಲಿ ಕನ್ನಡಿ ಮೇಲೆ ಹೊಡೆದು 'ಖಟಕ್' ಅನ್ನುತ್ತಿತ್ತು, ಆಲಾಪದ ನಡುವೆ ಅದು ಕೆಮ್ಮಿಗಿಂತ ಕಡೆ. ಮಿರರ್‌ಲೆಸ್ ಬಂದ ಮೇಲೆ ನಿಶ್ಶಬ್ದ. ಆದರೆ ಒಂದು ಹೋಗಿ ಇನ್ನೊಂದು. ಎಲೆಕ್ಟ್ರಾನಿಕ್ ಶಟರ್‌ಗೂ ಎಲ್ಇಡಿ ದೀಪದ ಮಿಣುಕಿಗೂ ಹೊಂದಾಣಿಕೆಯಾಗದೆ ಚಿತ್ರದ ಮೇಲೆ ಅಡ್ಡಡ್ಡ ಪಟ್ಟೆಗಳು ಬರುತ್ತವೆ. ಆಯೋಜಕರು ಹಾಕುವ ನೇರಳೆ ಬೆಳಕಿನಲ್ಲಿ ಪಂಡಿತರು ಬದನೆಕಾಯಿಯಂತೆ ಕಾಣುತ್ತಾರೆ. (ಯಾರು ಈ ನೇರಳೆ ಬಣ್ಣವನ್ನು ಶಾಸ್ತ್ರೀಯ ಸಂಗೀತಕ್ಕೆ ಗಂಟು ಹಾಕಿದರೋ! ಯಮನ್ ಕೇಳಲು ಹೋದವರಿಗೆ ಬರ್ತ್‌ಡೇ ಪಾರ್ಟಿಯ ಬೆಳಕು ಯಾಕೆ?) ತಬಲಾದ ಬೆರಳುಗಳು ನಿಂತಂತೆ ಬರಬೇಕಾದರೆ ಶಟರ್ 1/250 ಅಥವಾ ಇನ್ನೂ ಚುರುಕಾಗಿರಬೇಕು, ಬೆರಳು ಸ್ವಲ್ಪ ಕದಡಿ, ಮುಖ ನಿಚ್ಚಳವಾಗಿರಬೇಕಾದರೆ 1/60ರ ಆಸುಪಾಸು. ನಮ್ಮ ಹುಡುಗಿಗೆ ಎರಡನೆಯದೇ ಇಷ್ಟ. ನಿಂತ ಬೆರಳು ಹೊಡೆದಂತೆ ಕಾಣುವುದಿಲ್ಲ, ತಬಲಾದ ಮೇಲೆ ಇಟ್ಟುಕೊಂಡಂತೆ ಕಾಣುತ್ತದೆ ಎಂಬುದು ಅವಳ ವಾದ. ನನಗೂ ಸರಿಯೆನ್ನಿಸಿತು.

ಅವಳ ಕೋಣೆಯ ಗೋಡೆಗೆ ಅಂಟಿಸಿದ ಒಂದು ಹೆಸರು ದಯಾನಿತಾ ಸಿಂಗ್. ಫೋಟೋಗ್ರಫಿ ಕಲಿಯುವವರಿಗೆ ಈ ಕಥೆ ಬಾಯಿಪಾಠ, ನಮ್ಮಂಥವರಿಗೆ ಹೊಸದು. ಎಂಬತ್ತರ ದಶಕದ ಆರಂಭ. ದಯಾನಿತಾ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ, ಅಂದರೆ ಎನ್ಐಡಿಯಲ್ಲಿ, ವಿದ್ಯಾರ್ಥಿನಿ. ಕ್ಲಾಸಿನ ಕೆಲಸಕ್ಕೆಂದು ಜಾಕಿರ್ ಹುಸೇನರ ಕಛೇರಿಗೆ ಫೋಟೋ ತೆಗೆಯಲು ಹೋದಳು. ಆಯೋಜಕರು ತಡೆದರು, ಗದ್ದಲದಲ್ಲಿ ಎಲ್ಲರ ಮುಂದೆ ಬಿದ್ದಳು. ಅವಮಾನವಾಯಿತು. ಎದ್ದು ಮನೆಗೆ ಹೋಗಲಿಲ್ಲ. ಕಛೇರಿ ಮುಗಿಯುವ ತನಕ ಹೊರಗೆ ಕಾದು, ಜಾಕಿರ್ ಬಂದಾಗ, ಇವತ್ತು ನಾನು ವಿದ್ಯಾರ್ಥಿನಿ, ಮುಂದೊಂದು ದಿನ ದೊಡ್ಡ ಛಾಯಾಗ್ರಾಹಕಿಯಾಗುತ್ತೇನೆ, ಆಗ ನೋಡೋಣ ಎಂಬರ್ಥದಲ್ಲಿ ಸವಾಲು ಹಾಕಿಬಿಟ್ಟಳು. ಜಾಕಿರ್ ಸಿಟ್ಟಾಗಲಿಲ್ಲ, ಫೋಟೋ ತೆಗೆಯಲು ಕರೆದರು. ಮುಂದೆ ಆರು ಚಳಿಗಾಲ ಅವರ ಜೊತೆ, ಬೇರೆ ಸಂಗೀತಗಾರರ ಜೊತೆ ಊರೂರು ತಿರುಗಿದಳು. ವೇದಿಕೆಯಷ್ಟೇ ಅಲ್ಲ, ಬಸ್ಸು, ಹಸಿರುಕೋಣೆ, ಮನೆ, ನಿದ್ದೆಗಣ್ಣು ಎಲ್ಲ ಚಿತ್ರವಾದವು. 1986ರಲ್ಲಿ ಅದು 'ಜಾಕಿರ್ ಹುಸೇನ್' ಎಂಬ ಪುಸ್ತಕವಾಯಿತು. ವಿದ್ಯಾರ್ಥಿಯಾಗಿದ್ದಾಗ ಕೈಯಲ್ಲೇ ಕಟ್ಟಿದ್ದ ಅದರ ಮಾದರಿ ಪ್ರತಿಯನ್ನು 2019ರಲ್ಲಿ ಜರ್ಮನಿಯ ಸ್ಟೈಡಲ್ ಪ್ರಕಾಶನ ಇದ್ದಂತೆಯೇ ಅಚ್ಚುಹಾಕಿತು. 2022ರಲ್ಲಿ ದಯಾನಿತಾ ಅವರಿಗೆ ಹ್ಯಾಸಲ್‌ಬ್ಲಾಡ್ ಪ್ರಶಸ್ತಿ ಬಂತು. ಭಾರತೀಯರೊಬ್ಬರಿಗೆ ಅದು ಬಂದದ್ದು ಮೊದಲ ಸಲ. ತನ್ನ ಮೊದಲ ಗುರು ಜಾಕಿರ್ ಎಂದು ಅವರು ಹೇಳಿಕೊಂಡಿದ್ದಾರೆ. ಕ್ಯಾಮೆರಾ ಹಿಡಿಯುವುದನ್ನಲ್ಲ, ರಿಯಾಜ್ ಎಂದರೇನು ಎಂಬುದನ್ನು ಕಲಿತದ್ದು ಅವರಿಂದ.

ಜಾಕಿರ್ ಹುಸೇನರು 2024ರ ಡಿಸೆಂಬರ್ 15ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡಾಗ ಸವಾಯಿ ಶುರುವಾಗಲು ಕೆಲವೇ ದಿನ ಬಾಕಿ. ಅದೇ ವರ್ಷದ ಜನವರಿ 13ರಂದು ಪುಣೆಯಲ್ಲಿ ಪ್ರಭಾ ಅತ್ರೆಯವರು ಹೋಗಿದ್ದರು, 91ನೆಯ ವಯಸ್ಸಿನಲ್ಲಿ. ಆ ದಿನವೇ ಮುಂಬಯಿಗೆ ಹೋಗಿ ಹಾಡುವವರಿದ್ದರು. ಭೀಮಸೇನರ ನಂತರ ಎಷ್ಟೋ ವರ್ಷ ಮಹೋತ್ಸವದ ಕೊನೆಯ ಗಾಯನ ಅವರದಾಗಿತ್ತು. ಇಂಥ ಸುದ್ದಿ ಬಂದ ದಿನ ವಾಟ್ಸಾಪ್ ಗುಂಪುಗಳಲ್ಲಿ ಫೋಟೋಗಳ ಮಳೆ. ಯಾರು ತೆಗೆದದ್ದು, ಎಲ್ಲಿ, ಯಾವಾಗ, ಏನೂ ಇರುವುದಿಲ್ಲ. ಛಾಯಾಗ್ರಾಹಕರ ಹೆಸರಿದ್ದ ಅಂಚನ್ನು ಯಾರೋ ಕತ್ತರಿಸಿರುತ್ತಾರೆ.

ಹೆಸರಿನ ಮಾತು ಬಂದದ್ದರಿಂದ ನನಗೆ ನಿಜವಾಗಿ ಹೇಳಬೇಕಾದ್ದನ್ನು ಹೇಳುತ್ತೇನೆ. ಈ ಹುಡುಗಿಯ ಕೊನೆಯ ವರ್ಷದ ಪ್ರಾಜೆಕ್ಟ್ ದೊಡ್ಡ ಗಾಯಕರದಲ್ಲ. ತಂಬೂರಿ ಹಿಡಿದವರದು, ಸಾಥ್ ಕೊಡುವವರದು. "ದೊಡ್ಡವರ ಫೋಟೋ ಎಲ್ಲಾರೂ ತಗೀತಾರ್ರೀ" ಎಂಬುದು ಅವಳ ಒಂದೇ ಸಮರ್ಥನೆ. ಗೊತ್ತಿಲ್ಲದ ಮುಖಗಳನ್ನು ಯಾರು ನೋಡುತ್ತಾರೆ ಎಂದು ಕಲಿಸುವವರೊಬ್ಬರು ಕೇಳಿದರಂತೆ. ತಂದೆಯದು ಬೇರೆ ಪ್ರಶ್ನೆ: ಇದಕ್ಕೆ ರೊಕ್ಕ ಯಾರು ಕೊಡುತ್ತಾರೆ? ಎರಡೂ ಪ್ರಶ್ನೆ ನ್ಯಾಯವೇ. ನಾನು ಅವಳ ಪಕ್ಷ ವಹಿಸಿದ್ದೇನೆ. ಸಂಬಳ ತಿಂಗಳ ಕೊನೆಗೆ ಖಾತೆಗೆ ಬೀಳುವ ನನ್ನಂಥವನಿಗೆ ಪಕ್ಷ ವಹಿಸುವುದು ಸುಲಭ ಎಂಬುದೂ ಗೊತ್ತಿದೆ.

ಗಂಗೂಬಾಯಿ ಹಾನಗಲ್ಲರ ಹಳೆಯ ಕಛೇರಿ ಫೋಟೋಗಳನ್ನು ನೆನಪಿಸಿಕೊಳ್ಳಿ. ಮೂಗುತಿ, ಕಿವಿಯ ಬಳಿ ಹೋದ ಕೈ, ಎದುರು ದಿಟ್ಟಿಸುವ ಕಣ್ಣು. ಅವರ ಪಕ್ಕದಲ್ಲೋ ಹಿಂದೆಯೋ ಇನ್ನೊಬ್ಬ ಹೆಂಗಸು ಇರುತ್ತಿದ್ದರು: ಮಗಳು ಕೃಷ್ಣಾ ಹಾನಗಲ್. ದಶಕಗಳ ಕಾಲ ತಾಯಿಯ ದನಿಗೆ ದನಿ ಸೇರಿಸಿದವರು, ತಾಯಿ ಬಿಟ್ಟ ಎಳೆಯನ್ನು ಎತ್ತಿಕೊಂಡು ಮುಂದೆ ಒಯ್ದವರು. 2004ರಲ್ಲಿ, ತಾಯಿಗಿಂತ ಐದು ವರ್ಷ ಮೊದಲೇ ಹೋದರು. ರೆಕಾರ್ಡಿಂಗ್ ಕೇಳಿದರೆ ಅವರು ಎಷ್ಟು ಹೊತ್ತು ಹಾಡುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಆದರೆ ಮುದ್ರಿಸುವವರು ಫೋಟೋವನ್ನು ಗಂಗೂಬಾಯಿಯವರ ಮುಖಕ್ಕೆ ಕತ್ತರಿಸುತ್ತಾರೆ. ಮಗಳ ಅರ್ಧ ಭುಜ ಉಳಿದರೆ ಹೆಚ್ಚು. ಕಿವಿಗೆ ಸಿಕ್ಕವರು ಕಣ್ಣಿಗೆ ಸಿಗುವುದಿಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವಳು ಸ್ಟುಡಿಯೋದ ಅಟ್ಟದಿಂದ ಒಂದು ಲಕೋಟೆ ತಂದಳು. ತಂದೆ ಹುಡುಗರಾಗಿದ್ದಾಗ ಯಾವುದೋ ಮನೆಯ ಬೈಠಕ್‌ನಲ್ಲಿ ತೆಗೆದ ಹನ್ನೊಂದು ಕಪ್ಪು-ಬಿಳುಪು ಪ್ರಿಂಟು. ಹಾಡುವವರ ಗುರುತು ತಂದೆಗಿದೆ. ಹಾರ್ಮೋನಿಯಂನವರದು ಅರ್ಧ ಗುರುತು. ತಬಲಾದವರು ಯಾರು? ಗೊತ್ತಿಲ್ಲ. ತಂಬೂರಿ ಹಿಡಿದ ಎರಡು ಜಡೆಯ ಹುಡುಗಿ? ಗೊತ್ತಿಲ್ಲ. ಹಿಂದೆ ತಿರುಗಿಸಿದರೆ ಸ್ಟುಡಿಯೋದ ರಬ್ಬರ್ ಮೊಹರು ಮಾತ್ರ. ತಾರೀಖೂ ಇಲ್ಲ, ರಾಗವೂ ಇಲ್ಲ.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಇದನ್ನು ಮೆಟಾಡೇಟಾ ಇಲ್ಲದ ಫೈಲು ಅನ್ನುತ್ತೇವೆ. ಡಿಜಿಟಲ್ ಚಿತ್ರದಲ್ಲಿ ದಿನಾಂಕ, ಲೆನ್ಸು, ಶಟರ್ ವೇಗ ತಾನೇ ದಾಖಲಾಗುತ್ತವೆ; ಯಾರು, ಯಾವ ರಾಗ, ಯಾವ ಊರು ಎಂಬುದನ್ನು ಕ್ಯಾಮೆರಾ ಬರೆಯುವುದಿಲ್ಲ. ಅದಕ್ಕೆ ಫೈಲಿನೊಳಗೇ ಐಪಿಟಿಸಿ ಎಂಬ ಜಾಗಗಳಿವೆ, ಕನ್ನಡದಲ್ಲೇ ತುಂಬಬಹುದು. ನನ್ನಿಂದ ಅವಳಿಗಾದ ಉಪಕಾರ ಇದೊಂದೇ: ಎರಡು ಶನಿವಾರ ಕೂತು, ಅವಳ ನೋಟುಬುಕ್ಕಿನಲ್ಲಿರುವ ಹೆಸರುಗಳನ್ನು ಚಿತ್ರಗಳಿಗೆ ಸೇರಿಸುವ ಸಣ್ಣ ಸ್ಕ್ರಿಪ್ಟ್ ಬರೆದುಕೊಟ್ಟೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ಬ್ಯಾಕಪ್ ನಿಯಮವನ್ನೂ ಹೇಳಿದೆ. ಬೇರೆ ಊರಿನ ಪ್ರತಿ ಈಗ ಹುಬ್ಬಳ್ಳಿಯ ಸ್ಟುಡಿಯೋದಲ್ಲಿದೆ.

ಚಿತ್ರ ಉಳಿಯುವುದು ಎಷ್ಟು ಕಷ್ಟ ಎಂಬುದಕ್ಕೆ ನಾವು ಪುಣೆಯವರು ದೂರ ಹೋಗಬೇಕಿಲ್ಲ. 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ನಮ್ಮೂರಲ್ಲೇ ಇದೆ. ಅದರ ಒಂದು ಭಾಗ, ಫಿಲ್ಮ್ ಭಂಡಾರಗಳ ಸಮೇತ, ಕೋಥರೂಡಿನಲ್ಲಿ. 2003ರ ಜನವರಿಯಲ್ಲಿ ಲಾ ಕಾಲೇಜ್ ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದ ಭಂಡಾರಕ್ಕೆ ಬೆಂಕಿ ಬಿದ್ದು ಹಳೆಯ ನೈಟ್ರೇಟ್ ಫಿಲ್ಮುಗಳು ರಾಶಿರಾಶಿಯಾಗಿ ಸುಟ್ಟುಹೋದವು. ಸರಕಾರದ ಭಂಡಾರದ ಗತಿಯೇ ಹೀಗಾದರೆ ಪೇಯಿಂಗ್ ಗೆಸ್ಟ್ ಕೋಣೆಯ ಹಾರ್ಡ್ ಡಿಸ್ಕಿನದು ಬೇರೆ ಹೇಳಬೇಕೆ?

ಕೆಲಸ ಮುಂದುವರಿದಿದೆ. ಈವರೆಗೆ 43 ಜನ ಸಾಥಿದಾರರ ಚಿತ್ರ ಹೆಸರು ಸಮೇತ ಸೇರಿದೆ. ತಂಬೂರಿ ಹಿಡಿಯುವ ಹುಡುಗಿಯರಲ್ಲಿ ಹೆಚ್ಚಿನವರು, ತಮ್ಮ ಹೆಸರನ್ನು ಯಾರಾದರೂ ಕೇಳಿದ್ದು ಇದೇ ಮೊದಲು ಎಂದರಂತೆ. ಪ್ರತಿಯೊಬ್ಬರಿಗೂ ಒಂದು ಪ್ರಿಂಟು ಕಳಿಸುತ್ತಾಳೆ. ಖರ್ಚು ತೂಗಿಸಲು ರಜೆಯಲ್ಲಿ ಊರಿಗೆ ಹೋಗಿ ಮದುವೆ ಫೋಟೋ ತೆಗೆಯುತ್ತಾಳೆ. ಅಪ್ಪನಿಗೂ ಅಷ್ಟರಮಟ್ಟಿಗೆ ಖುಷಿ.

ಮೊನ್ನೆ ಅವರು ಫೋನು ಮಾಡಿದ್ದರಂತೆ. ಅಟ್ಟದ ಪ್ರಿಂಟನ್ನು ಅಂಗಡಿಯ ಗಾಜಿನ ಕೆಳಗೆ ಇಟ್ಟಿದ್ದಾರೆ. ಬಂದ ಗಿರಾಕಿಗಳಲ್ಲಿ ವಯಸ್ಸಾದವರಿಗೆ ತೋರಿಸಿ ಕೇಳುತ್ತಾರೆ. ಒಬ್ಬ ಅಜ್ಜ ಕನ್ನಡಕ ಏರಿಸಿ ನೋಡಿ, ಎರಡು ಜಡೆಯ ಹುಡುಗಿ ತಮ್ಮ ಓಣಿಯವಳೇ ಇರಬೇಕು, ಮದುವೆಯಾಗಿ ಮೀರಜಿಗೆ ಹೋದಳು, ಹೆಸರು ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಿದ್ದಾರೆ. ತಬಲಾದವರನ್ನು ಇನ್ನೂ ಯಾರೂ ಗುರುತು ಹಿಡಿದಿಲ್ಲ.