ಗೋಳದ ಘನಫಲ: ಸೂತ್ರದೊಳಗಿನ ನಾಲ್ಕು ಎಲ್ಲಿಂದ ಬಂತು?

ಒಂಬತ್ತನೇ ತರಗತಿಯ ‘ಮೇಲ್ಮೈ ವಿಸ್ತೀರ್ಣಗಳು ಮತ್ತು ಘನಫಲಗಳು’ ಘಟಕದಲ್ಲಿ ಗೋಳದ ಘನಫಲ ಬರುವ ಹೊತ್ತಿಗೆ ಮಕ್ಕಳ ತಲೆಯಲ್ಲಿ ಸೂತ್ರಗಳ ಸಂತೆಯೇ ನೆರೆದಿರುತ್ತದೆ. ಗೋಳದ ಮೇಲ್ಮೈಗೆ ‘4 × ಪೈ × ತ್ರಿಜ್ಯದ ವರ್ಗ’, ಘನಫಲಕ್ಕೆ ‘4/3 × ಪೈ × ತ್ರಿಜ್ಯದ ಘನ’. ಶಂಕುವಿನಲ್ಲಿ ಮೂರನೇ ಒಂದು, ಇಲ್ಲಿ ಮೂರನೇ ನಾಲ್ಕು. ಕಾರಣ ತಿಳಿಯದೆ ಕಂಠಪಾಠ ಮಾಡಿದರೆ ಒಂದರ ಬದಲು ಇನ್ನೊಂದು ಬರೆಯುವುದು ಸಹಜ. ಅಭ್ಯಾಸ ಬೋಧನೆಯಲ್ಲಿ ಈ ಪಾಠವನ್ನು ನಾನು ಎರಡು ಅವಧಿಗಳಲ್ಲಿ ಮಾಡಿದೆ. ಅದರ ಕ್ರಮವನ್ನೂ ಹಿಂದಿರುವ ಗಣಿತವನ್ನೂ ಇಲ್ಲಿ ವಿವರಿಸುತ್ತೇನೆ.

ಮೊದಲ ಅವಧಿ ರಾಗಿಯದು. ಒಂದು ಪ್ಲಾಸ್ಟಿಕ್ ಚೆಂಡನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿದರೆ ಅರ್ಧಗೋಳ ಸಿಕ್ಕಿತು. ಅದೇ ತ್ರಿಜ್ಯದ ಒಂದು ಶಂಕು, ಒಂದು ಸಿಲಿಂಡರನ್ನು ದಪ್ಪ ಡ್ರಾಯಿಂಗ್ ಹಾಳೆಯಲ್ಲಿ ಮಾಡಿಕೊಂಡೆ. ಎರಡರ ಎತ್ತರವೂ ತ್ರಿಜ್ಯದಷ್ಟೇ ಇರಬೇಕು. ಶಂಕುವಿಗೆ ರಾಗಿ ತುಂಬಿ, ಸ್ಕೇಲಿನಿಂದ ಬಾಯಿ ಮಟ್ಟ ಮಾಡಿ, ಅರ್ಧಗೋಳಕ್ಕೆ ಸುರಿಯಲು ಹೇಳಿದೆ. ಎರಡು ಸಲಕ್ಕೆ ಅರ್ಧಗೋಳ ತುಂಬಿತು. ಸಿಲಿಂಡರಿಗೆ ಮೂರು ಸಲ ಬೇಕಾಯಿತು. ಶಂಕು, ಅರ್ಧಗೋಳ, ಸಿಲಿಂಡರ್ 1 : 2 : 3 ಎಂದು ಮಕ್ಕಳೇ ಹೇಳಿದರು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಮೇಡಂ, ಸರಿಯಾಗಿ ಎರಡೇ ಅಂತ ಹೇಗೆ ಹೇಳೋದು? ಒಂದು ಹಿಡಿ ಹೆಚ್ಚುಕಮ್ಮಿ ಇದ್ದರೆ ರಾಗಿಯಲ್ಲಿ ಗೊತ್ತಾಗುತ್ತಾ?”

ಗೊತ್ತಾಗುವುದಿಲ್ಲ. ಅಳತೆ ನಮಗೆ ಊಹೆಯನ್ನು ಕೊಡುತ್ತದೆ, ಕಾರಣವನ್ನು ಕೊಡುವುದಿಲ್ಲ. ಈ ಪ್ರಶ್ನೆಗೆ ಉತ್ತರಿಸದೆ ಕಪ್ಪುಹಲಗೆಯ ಮೇಲೆ ಸೂತ್ರ ಬರೆದುಬಿಟ್ಟರೆ, ಚಟುವಟಿಕೆ ಮಾಡಿಸಿಯೂ ಕಂಠಪಾಠವನ್ನೇ ಕಲಿಸಿದಂತಾಗುತ್ತದೆ. ಆದ್ದರಿಂದ ಎರಡನೇ ಅವಧಿಯನ್ನು ಪೂರ್ತಿ ಅವಳ ಪ್ರಶ್ನೆಗೇ ಇಟ್ಟೆ. ಬೇಕಾದ ಪೂರ್ವಜ್ಞಾನ ಎರಡೇ: ಪೈಥಾಗೊರಸ್ ಪ್ರಮೇಯ ಮತ್ತು ವೃತ್ತದ ವಿಸ್ತೀರ್ಣ.

ಮೊದಲು ಮೇಜಿನ ಮೇಲೆ ಒಂದು ರೂಪಾಯಿ ನಾಣ್ಯಗಳನ್ನು ನೇರವಾಗಿ ಪೇರಿಸಿದೆ. ಆಮೇಲೆ ಆ ಕಂಬವನ್ನು ಓರೆಯಾಗಿ ತಳ್ಳಿದೆ. ಆಕಾರ ಬದಲಾಯಿತು, ಘನಫಲ ಬದಲಾಗಲಿಲ್ಲ. ಏಕೆಂದರೆ ಪ್ರತಿ ಎತ್ತರದಲ್ಲೂ ಇರುವ ಬಿಲ್ಲೆಯ ವಿಸ್ತೀರ್ಣ ಮೊದಲಿನಷ್ಟೇ. ಬಿಲ್ಲೆಗಳ ಆಕಾರ ಬೇರೆಬೇರೆಯಾಗಿದ್ದರೂ ಈ ಮಾತು ನಿಲ್ಲುತ್ತದೆ: ಒಂದೇ ಎತ್ತರದ ಎರಡು ಘನಾಕೃತಿಗಳನ್ನು ಯಾವ ಮಟ್ಟದಲ್ಲಿ ಅಡ್ಡಡ್ಡ ಕತ್ತರಿಸಿದರೂ ಸಮನಾದ ವಿಸ್ತೀರ್ಣ ಸಿಕ್ಕರೆ, ಅವುಗಳ ಘನಫಲವೂ ಸಮ. ಇಟಲಿಯ ಕವಲಿಯೆರಿ 1635ರಲ್ಲಿ ಪ್ರಕಟಿಸಿದ ಗ್ರಂಥದಿಂದಾಗಿ ಇದಕ್ಕೆ ಅವನ ಹೆಸರೇ ಉಳಿದಿದೆ.

ಈಗ 5 ಸೆಂ.ಮೀ. ತ್ರಿಜ್ಯದ ಅರ್ಧಗೋಳವನ್ನು ಬೋರಲು ಹಾಕಿ. ಪಕ್ಕದಲ್ಲಿ 5 ಸೆಂ.ಮೀ. ತ್ರಿಜ್ಯ, 5 ಸೆಂ.ಮೀ. ಎತ್ತರದ ಗಟ್ಟಿ ಸಿಲಿಂಡರ್ ಇಡಿ. ಅದರ ಮೇಲಿನಿಂದ, ಬಾಯಿ ಮೇಲೆ ತುದಿ ಕೆಳಗೆ ಇರುವಂತೆ, ಅಷ್ಟೇ ಅಳತೆಯ ಒಂದು ಶಂಕುವನ್ನು ಕೊರೆದು ತೆಗೆಯಿರಿ. ಶಂಕುವಿನ ತುದಿ ತಳದ ಕೇಂದ್ರಕ್ಕೆ ತಾಗಿರಲಿ.

ಎರಡನ್ನೂ ತಳದಿಂದ 3 ಸೆಂ.ಮೀ. ಎತ್ತರದಲ್ಲಿ ಕತ್ತರಿಸೋಣ. ಅರ್ಧಗೋಳದಲ್ಲಿ ಒಂದು ವೃತ್ತ ಸಿಗುತ್ತದೆ. ಕರ್ಣ 5, ಎತ್ತರ 3. ಆದ್ದರಿಂದ ವೃತ್ತದ ತ್ರಿಜ್ಯ 4, ವಿಸ್ತೀರ್ಣ 16 ಪೈ. ಸಿಲಿಂಡರಿನಲ್ಲಿ ಸಿಗುವುದು ಬಳೆಯಾಕಾರ. ಶಂಕುವಿನ ತ್ರಿಜ್ಯವೂ ಎತ್ತರವೂ ಸಮನಾಗಿರುವುದರಿಂದ 3 ಸೆಂ.ಮೀ. ಎತ್ತರದಲ್ಲಿ ತೂತಿನ ತ್ರಿಜ್ಯ 3. ಬಳೆಯ ವಿಸ್ತೀರ್ಣ 25 ಪೈಯಲ್ಲಿ 9 ಪೈ ಕಳೆದರೆ 16 ಪೈ. ಎರಡೂ ಸಮ! ಎತ್ತರ 4 ಆದಾಗ ಎರಡೂ ಕಡೆ 9 ಪೈ. ತಳದಲ್ಲಿ ಎರಡೂ ಕಡೆ 25 ಪೈ. ತುದಿಯಲ್ಲಿ ಎರಡೂ ಸೊನ್ನೆ. ಬೇರೆ ಯಾವುದೇ ಎತ್ತರಕ್ಕೂ ಎರಡೂ ಕಡೆ ‘ತ್ರಿಜ್ಯದ ವರ್ಗದಲ್ಲಿ ಎತ್ತರದ ವರ್ಗ ಕಳೆದು ಪೈಯಿಂದ ಗುಣಿಸು’ ಎಂಬ ಒಂದೇ ಲೆಕ್ಕ ಬರುತ್ತದೆ. ಇದು ಪೈಥಾಗೊರಸ್ ಪ್ರಮೇಯವೇ.

ಹೀಗಾಗಿ ಅರ್ಧಗೋಳದ ಘನಫಲ ಎಂದರೆ ಸಿಲಿಂಡರಿನಲ್ಲಿ ಶಂಕು ಕಳೆದು ಉಳಿದದ್ದು. ಒಂದರಲ್ಲಿ ಮೂರನೇ ಒಂದು ಕಳೆದರೆ ಮೂರನೇ ಎರಡು. ಅಂಥ ಎರಡು ಅರ್ಧಗೋಳ ಸೇರಿದರೆ ಮೂರನೇ ನಾಲ್ಕು. ಸೂತ್ರದ ನಾಲ್ಕು ಬಂದದ್ದು ಇಲ್ಲಿಂದ. ಮೇಲ್ಮೈ ಸೂತ್ರದ ನಾಲ್ಕಿನೊಂದಿಗೆ ಇನ್ನು ಗೊಂದಲ ಬೇಕಿಲ್ಲ.

ಗೋಳವು ತನ್ನನ್ನು ಸರಿಯಾಗಿ ಹಿಡಿಸುವ ಸಿಲಿಂಡರಿನ ಮೂರನೇ ಎರಡು ಭಾಗ ಎಂದು ಮೊದಲು ಸಾಧಿಸಿದವನು ಆರ್ಕಿಮಿಡೀಸ್. ತನ್ನ ಸಮಾಧಿಯ ಮೇಲೆ ಈ ಎರಡು ಆಕೃತಿಗಳೇ ಇರಲಿ ಎಂದು ಅವನು ಬಯಸಿದ್ದನಂತೆ. ಕ್ರಿ.ಪೂ. 75ರಲ್ಲಿ ಸಿಸಿಲಿಯ ಅಧಿಕಾರಿಯಾಗಿದ್ದ ಸಿಸಿರೊ, ಪೊದೆ ಬೆಳೆದು ಮುಚ್ಚಿಹೋಗಿದ್ದ ಆ ಸಮಾಧಿಯನ್ನು ಗುರುತಿಸಿದ್ದು ಇದೇ ಗುರುತಿನಿಂದ.

ವಿಸ್ತರಣೆಯ ಹಂತಕ್ಕೆ ನಮ್ಮ ದೇಶದ ಗಣಿತವನ್ನೇ ಬಳಸಿದೆ. ಪೈ ಬೆಲೆಯನ್ನು 3.1416 ಎಂದು ಕೊಟ್ಟ ಆರ್ಯಭಟನು 499ರ ‘ಆರ್ಯಭಟೀಯ’ದಲ್ಲಿ ಗೋಳದ ಘನಫಲಕ್ಕೆ, ವೃತ್ತದ ವಿಸ್ತೀರ್ಣವನ್ನು ಅದರದೇ ವರ್ಗಮೂಲದಿಂದ ಗುಣಿಸಲು ಹೇಳುತ್ತಾನೆ. ಇದನ್ನು ಗೋಲಿಗಳಿಂದ ಪರೀಕ್ಷಿಸಬಹುದು. ಹತ್ತು ಗೋಲಿ ಸಾಲಾಗಿಟ್ಟರೆ 16 ಸೆಂ.ಮೀ.; ಒಂದರ ತ್ರಿಜ್ಯ 0.8 ಸೆಂ.ಮೀ. ಇಪ್ಪತ್ತು ಗೋಲಿಗಳ ಘನಫಲ ಆರ್ಯಭಟನ ನಿಯಮದಂತೆ ಸುಮಾರು 57 ಘನ ಸೆಂ.ಮೀ., ನಮ್ಮ ಸೂತ್ರದಂತೆ ಸುಮಾರು 43. ಅಳತೆ ಜಾಡಿಯಲ್ಲಿ 50 ಮಿಲಿಲೀಟರ್ ನೀರಿಗೆ ಇಪ್ಪತ್ತು ಗೋಲಿ ಬಿಟ್ಟಾಗ ನೀರು 93ರ ಆಸುಪಾಸಿಗೆ ಏರಿತು, 107ಕ್ಕಲ್ಲ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯರು ಮೇಲ್ಮೈಯನ್ನು ವ್ಯಾಸದಿಂದ ಗುಣಿಸಿ ಆರರಿಂದ ಭಾಗಿಸಲು ಹೇಳಿದ್ದಾರೆ, ಲೆಕ್ಕ ಮಾಡಿ ನೋಡಿದರೆ ಅದು ನಮ್ಮ ಸೂತ್ರವೇ. ಅಳತೆಯ ಕೆಲಸ ಏನೆಂಬುದು ಮಕ್ಕಳಿಗೆ ಇಲ್ಲಿ ಸ್ಪಷ್ಟವಾಯಿತು: ತಪ್ಪು ನಿಯಮವನ್ನು ಅದು ತಳ್ಳಿಹಾಕಬಲ್ಲದು, ಸರಿಯಾದದ್ದು ಏಕೆ ಸರಿ ಎಂದು ಹೇಳಲು ತರ್ಕವೇ ಬೇಕು.

ಈ ಪಾಠ ಮಾಡುವ ಸಹಪಾಠಿಗಳಿಗೆ ಎರಡು ಮಾತು. ಅಡ್ಡಕೊಯ್ತದ ಚಿತ್ರವನ್ನು ಚೌಕುಳಿ ಹಾಳೆಯಲ್ಲಿ ಮಕ್ಕಳಿಂದಲೇ ಬರೆಸಿ. 3, 4, 5ರ ಅಳತೆಯಿಂದ ವರ್ಗಮೂಲದ ತೊಡಕು ತಪ್ಪುತ್ತದೆ. ಮೌಲ್ಯಮಾಪನದಲ್ಲಿ ‘ಘನಫಲ ಕಂಡುಹಿಡಿಯಿರಿ’ ಎಂಬ ಲೆಕ್ಕಗಳ ಜೊತೆಗೆ ‘ಸೂತ್ರ ಮರೆತ ಗೆಳೆಯನಿಗೆ ಅದನ್ನು ಹೇಗೆ ಕಟ್ಟಿಕೊಡುವಿರಿ?’ ಎಂಬ ಪ್ರಶ್ನೆಯೊಂದಿರಲಿ. ನನ್ನ ತರಗತಿಯಲ್ಲಿ ರಾಗಿಯ ಪ್ರಶ್ನೆ ಕೇಳಿದ ಹುಡುಗಿ ಅದಕ್ಕೆ ಸೂತ್ರವನ್ನೇ ಬರೆಯಲಿಲ್ಲ. ಒಂದು ಸಿಲಿಂಡರ್ ಬರೆದು, ಅದರೊಳಗೆ ತಲೆಕೆಳಗಾದ ಶಂಕು ಬರೆದು, ‘ಇದನ್ನು ತೆಗೆ, ಉಳಿದದ್ದನ್ನು ಎರಡರಿಂದ ಗುಣಿಸು’ ಎಂದು ಬರೆದಿದ್ದಳು. ಪೂರ್ಣ ಅಂಕ ಕೊಟ್ಟೆ.